ಅಮ್ಮಾ, ಇದು ಆಟ ಅಲ್ಲ!

ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುತ್ತಿರುವಾಗ ಮಗ ಪುಸ್ತಕ ಹಿಡಿದುಕೊಂಡು ಬಂದು, “ಅಮ್ಮಾ, ಮೂರರಲ್ಲಿ ಐದು ಕಳೆದರೆ ಎಷ್ಟು?” ಅಂತ ಕೇಳಿದರೆ ನೀವೇನು ಹೇಳುತ್ತೀರಿ? ನಾನು ತಿರುಗಿಯೂ ನೋಡದೆ, “ಮೈನಸ್ ಎರಡು. ಹೋಗಿ ಬರ್ಕೋ” ಅಂದೆ. ಅವನು ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತು, “ಇರೋದೇ ಮೂರು. ಇಲ್ಲದೇ ಇರೋದನ್ನ ಹೇಗಮ್ಮ ತೆಗೆಯೋದು?” ಅಂದ.

ಅದು ಪೆದ್ದ ಹುಡುಗನ ಪ್ರಶ್ನೆಯಲ್ಲ ಅಂತ ಈಗ ನನಗೆ ಗೊತ್ತು. ಆಗ ಮಾತ್ರ ಸಿಟ್ಟು ಬಂತು. ಆರನೇ ತರಗತಿಯ ಪೂರ್ಣಾಂಕಗಳ ಪಾಠ ಶುರುವಾದಾಗಿನಿಂದ ಅವನಿಗೆ ಗಣಿತ ಅಂದರೆ ಭಯ ಹತ್ತಿಕೊಂಡಿತ್ತು. ಕಿರುಪರೀಕ್ಷೆಯಲ್ಲಿ 25ಕ್ಕೆ 6 ಬಂದಿತ್ತು. ಗಣಿತದ ಪರೀಕ್ಷೆ ಇದ್ದ ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು! ಓಮದ ಕಷಾಯ ಮಾಡಿಕೊಟ್ಟಿದ್ದೂ ಮಾಡಿಕೊಟ್ಟಿದ್ದೇ. ಹತ್ತೂವರೆ ಕಳೆದು, ಇನ್ನು ಶಾಲೆಗೆ ಹೋಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ನೋವು ತಾನಾಗಿ ಇಳಿಯುತ್ತಿತ್ತು. ಸುಳ್ಳು ಹೇಳುತ್ತಿದ್ದಾನೆ ಅಂತ ಬೈಯೋಣವೆಂದರೆ ಮುಖ ನಿಜವಾಗಿಯೂ ಬಿಳಿಚಿಕೊಂಡಿರುತ್ತಿತ್ತು. ನೀವೂ ತಾಯಂದಿರೇ, ಆ ಮುಖ ನಿಮಗೂ ಗೊತ್ತಿರುತ್ತದೆ.

ಯಾರೋ ಹೇಳಿದ ಮಾತು ನೆನಪಾಯಿತು: ಮಕ್ಕಳಿಗೆ ಆಟದ ಮೂಲಕ ಕಲಿಸಬೇಕು. ಅಷ್ಟೇ ತಾನೆ, ನಾನೇ ಒಂದು ಆಟ ಮಾಡುತ್ತೇನೆ ಅಂತ ಹೊರಟೆ. ಹಳೇ ಕ್ಯಾಲೆಂಡರಿನ ಹಿಂಬದಿಗೆ ನೂರು ಮನೆಯ ಹಾವು-ಏಣಿ ಬರೆದೆ. ಕೂಡಿಟ್ಟಿದ್ದ ಮದುವೆ ಪತ್ರಿಕೆಗಳನ್ನು ಚೌಕ ಚೌಕವಾಗಿ ಕತ್ತರಿಸಿ ನಲವತ್ತು ಲೆಕ್ಕ ಬರೆದೆ. ಚೀಟಿ ಎತ್ತಬೇಕು, ಲೆಕ್ಕಕ್ಕೆ ಸರಿಯುತ್ತರ ಹೇಳಬೇಕು, ಆಮೇಲೆ ದಾಳ ಹಾಕಬೇಕು. ತಪ್ಪು ಹೇಳಿದರೆ ದಾಳ ಇಲ್ಲ. ಮಗ, ಮೂರನೇ ತರಗತಿಯ ಮಗಳು ಇಬ್ಬರನ್ನೂ ಕೂರಿಸಿದೆ. ನಾನು ಬೀಗಿದ್ದೇ ಬೀಗಿದ್ದು!

ಮೊದಲ ದಿನ ಆಡಿದರು. ಎರಡನೆಯ ದಿನ ಕರೆದ ಮೇಲೆ ಬಂದರು. ಮೂರನೆಯ ದಿನ ದಾಳವೇ ಕಾಣೆ. ಒಂದು ವಾರದ ಮೇಲೆ ಅದು ರಾಗಿ ಡಬ್ಬದಲ್ಲಿ ಸಿಕ್ಕಿತು ಅನ್ನುವುದು ಬೇರೆ ಮಾತು. ನಾನೂ ಬಿಡಲಿಲ್ಲ. “ಗೆದ್ದವರಿಗೆ ಪಾನಿಪುರಿ” ಅಂದೆ. ನಮ್ಮ ಬಂಗಾರಪೇಟೆಯ ಪಾನಿಪುರಿ ಗೊತ್ತಲ್ಲ? ಪಾನಿ ನೋಡಿದರೆ ಬರೀ ತಿಳಿನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಅದರ ಆಸೆಗೆ ಮತ್ತೆ ಬಂದರು. ಆದರೆ ಬಂದದ್ದು ಪಾನಿಪುರಿಗೆ, ಆಟಕ್ಕಲ್ಲ. ಮಗ ಚೀಟಿಗಳ ಉತ್ತರವನ್ನು ಅಂಗೈ ಮೇಲೆ ಬರೆದುಕೊಂಡಿದ್ದ. ಮಗಳು ಎರಡು ಮನೆ ಹೆಚ್ಚಿಗೆ ನಡೆಸಿದಳು. ಜಗಳವಾಯಿತು, ಜುಟ್ಟು ಹಿಡಿದಾಟವಾಯಿತು. “ಸರಿ, ಇವತ್ತಿನಿಂದ ಪಾನಿಪುರಿ ಇಲ್ಲ” ಅಂದೆ. “ಹಾಗಾದ್ರೆ ನಾವೂ ಇಲ್ಲ” ಅಂತ ಎದ್ದರು. ಹೋಗುವಾಗ ಮಗಳು ತಿರುಗಿ ನಿಂತು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: “ಅಮ್ಮಾ, ಇದು ಆಟ ಅಲ್ಲ, ಪರೀಕ್ಷೆ. ದಾಳ ಇಟ್ಟಿರೋ ಪರೀಕ್ಷೆ.”

ಮಗುವಿನ ಬಾಯಲ್ಲಿ ಬಂದ ಮಾತು ಸುಳ್ಳಾಗುವುದುಂಟೇ?

ಅದಾದ ನಾಲ್ಕೈದು ದಿನಕ್ಕೆ ಸಂಜೆ ಕರೆಂಟು ಹೋಯಿತು. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ನಮ್ಮ ಪಕ್ಕದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ತಂದರಂತೆ. ನಮಗೆ ಮಾತ್ರ ಮಳೆ ಬಂದರೆ ಕತ್ತಲೆ! ಮಾವನವರು ದೀಪ ಹಚ್ಚಿಕೊಂಡು ಮೊಮ್ಮಕ್ಕಳ ಜೊತೆ ಚೌಕಾಬಾರಕ್ಕೆ ಕೂತರು. ನಾನು ಅವರೆಕಾಯಿ ಸುಲಿಯುತ್ತಾ ಸುಮ್ಮನೆ ನೋಡುತ್ತಿದ್ದೆ. ಮಗ ಹೇಳುತ್ತಿದ್ದ: “ನಂಗೆ ಮೂರು ಬಿದ್ರೆ ತಾತನ ಕಾಯಿ ಕಡೀತೀನಿ. ಚೌಕ ಬಿದ್ರೆ ಈ ಕಾಯಿ ಕಟ್ಟೆಗೆ ಹೋಗತ್ತೆ, ಇನ್ನೊಂದು ಸಲ ಕವಡೆ ಸಿಗತ್ತೆ. ಆಮೇಲೆ ಎರಡು ಬಿದ್ರೂ ಸಾಕು...” ಬೆರಳು ಮಡಿಸದೆ, ಕಾಗದ ಮುಟ್ಟದೆ, ಎರಡು ಕಾಯಿಗಳ ಲೆಕ್ಕವನ್ನು ಒಟ್ಟಿಗೆ ಮಾಡುತ್ತಿದ್ದ. ಗಣಿತ ಬರುವುದಿಲ್ಲ ಅಂತ ಹೊಟ್ಟೆನೋವು ತರಿಸಿಕೊಳ್ಳುವ ಹುಡುಗ ಇವನೇನಾ!

ನನ್ನ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಆ ರಾತ್ರಿ ಯೋಚಿಸಿದೆ. ನನ್ನ ಆಟದಲ್ಲಿ ಲೆಕ್ಕ ಒಂದು ಕಡೆ, ಆಟ ಇನ್ನೊಂದು ಕಡೆ. ಲೆಕ್ಕ ಅನ್ನುವುದು ಬಾಗಿಲಲ್ಲಿ ಕೂತು ಸುಂಕ ಕೇಳುವ ಸಿಪಾಯಿ. ಸುಂಕ ಕಟ್ಟಿ ಒಳಗೆ ಹೋದರೆ ಅಲ್ಲಿ ಲೆಕ್ಕಕ್ಕೆ ಕೆಲಸವೇ ಇಲ್ಲ, ದಾಳ ಹೇಳಿದಷ್ಟು ನಡೆದರಾಯಿತು. ಚೌಕಾಬಾರದಲ್ಲಿ ಹಾಗಲ್ಲ. ಅಲ್ಲಿ ಲೆಕ್ಕವೇ ನಡೆ. ಲೆಕ್ಕ ತೆಗೆದುಬಿಟ್ಟರೆ ಆಟವೇ ಇಲ್ಲ. ನಮ್ಮ ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಚಕ್ಕುಲಿಗೆ ಉಪ್ಪನ್ನು ಹಿಟ್ಟು ಕಲಸುವಾಗಲೇ ಹಾಕಬೇಕು. ಮರೆತು, ಕರಿದ ಮೇಲೆ ಉದುರಿಸಿದರೆ ನಾಲಿಗೆಗೆ ಬರೀ ಉಪ್ಪು ಸಿಗುತ್ತದೆ, ಒಳಗೆ ಸಪ್ಪೆ. ನಾನು ಮಾಡಿದ್ದು ಉದುರಿಸಿದ ಉಪ್ಪಿನ ಚಕ್ಕುಲಿ.

ಇದು ನನ್ನೊಬ್ಬಳ ತಪ್ಪಲ್ಲ, ದೊಡ್ಡವರೂ ಎಡವಿದ್ದಾರೆ. ನಮ್ಮ ಗಡಿಸೀಮೆಯ ತೆಲುಗು ಮನೆಗಳಲ್ಲಿ ವೈಕುಂಠಪಾಳಿ ಅನ್ನುತ್ತಾರಲ್ಲ, ಅದೇ ಪರಮಪದದ ಆಟ. ವೈಕುಂಠ ಏಕಾದಶಿಯ ಜಾಗರಣೆಗೆ ಅದನ್ನು ಆಡುವ ರೂಢಿಯಿದೆ. ಏಣಿ ಅಂದರೆ ಪುಣ್ಯ, ಹಾವು ಅಂದರೆ ಪಾಪ, ಮೇಲೆ ವೈಕುಂಠ. ನೀತಿ ಕಲಿಸಲೆಂದೇ ಮಾಡಿದ ಆಟ. ಆದರೆ ನೋಡಿ, ಅಲ್ಲಿ ಏಣಿ ಹತ್ತುವುದು ಪುಣ್ಯ ಮಾಡಿದ್ದಕ್ಕಲ್ಲ, ದಾಳ ಬಿದ್ದದ್ದಕ್ಕೆ. ಪಾಠ ಚಿತ್ರದಲ್ಲಿದೆ, ನಡೆಯಲ್ಲಿಲ್ಲ. ಹಾಗಾಗಿ ಆಟ ಇಂಗ್ಲೆಂಡಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಪಾಪಪುಣ್ಯಗಳ ಹೆಸರು ಅಳಿಸಿಹೋಗಿ ಬರೀ ಹಾವು ಏಣಿ ಉಳಿದವು.

ಇನ್ನೊಂದು ಕಥೆ ಇದಕ್ಕಿಂತ ಮಜವಾಗಿದೆ. ರಜೆಯಲ್ಲಿ ಮಕ್ಕಳು ಸುಳ್ಳು ನೋಟು ಹಂಚಿಕೊಂಡು, ಊರುಗಳನ್ನು ಕೊಂಡು, ಬಾಡಿಗೆ ವಸೂಲು ಮಾಡುತ್ತಾ ಆಡುವ ವ್ಯಾಪಾರದ ಆಟ ನಿಮ್ಮ ಮನೆಯಲ್ಲೂ ಇರಬಹುದು. ಅದರ ಮೂಲ ಅಮೆರಿಕದ ಎಲಿಜಬೆತ್ ಮ್ಯಾಗಿ ಅನ್ನುವ ಹೆಂಗಸು ಕಲ್ಪಿಸಿದ ಆಟ. 1904ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು. ಭೂಮಿಯೆಲ್ಲ ಕೆಲವರ ಕೈಗೇ ಸೇರಿದರೆ ಉಳಿದವರು ಹೇಗೆ ಬೀದಿಗೆ ಬೀಳುತ್ತಾರೆ ಅಂತ ತೋರಿಸುವುದು ಅವಳ ಉದ್ದೇಶ. ಆದದ್ದೇನು? 1935ರಲ್ಲಿ ಅದೇ ಬಗೆಯ ಆಟ ಮೊನಾಪಲಿ ಅಂತ ಒಂದು ಕಂಪನಿಯಿಂದ ಮಾರುಕಟ್ಟೆಗೆ ಬಂದು ಜಗತ್ತಿಗೆಲ್ಲ ಹರಡಿತು. ಅದನ್ನಾಡುವ ಮಕ್ಕಳು ಅಣ್ಣತಮ್ಮಂದಿರನ್ನೇ ದಿವಾಳಿ ಎಬ್ಬಿಸಿ ಕುಣಿಯುತ್ತಾರೆ! ಆಟ ಏನು ಹೇಳುತ್ತದೋ ಅದನ್ನು ಮಕ್ಕಳು ಕಲಿಯುವುದಿಲ್ಲ, ಆಟ ಏನು ಮಾಡಿಸುತ್ತದೋ ಅದನ್ನು ಕಲಿಯುತ್ತಾರೆ. ಇಷ್ಟು ತಿಳಿದ ಮೇಲೆ ನನಗೆ ಧೈರ್ಯ ಬಂತು.

“ಈ ವಯಸ್ಸಲ್ಲಿ ಆಟ ಮಾಡ್ತಾಳಂತೆ” ಅಂತ ಯಜಮಾನರು ನಕ್ಕರು. ನಾನೂ ಬಿಟ್ಟುಕೊಡಲಿಲ್ಲ. “ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರು ಆಳಿದ ಮಹಾರಾಜರು. ಅವರೇ ಕೂತು ಹಲಗೆ ಆಟಗಳನ್ನು ರಚಿಸಿದ್ದಾರೆ, ಜಗನ್ಮೋಹನ ಅರಮನೆ ಗೋಡೆಗಳ ಮೇಲೆ ಈಗಲೂ ಇವೆ. ರಾಜರಿಗೆ ಇಲ್ಲದ ನಾಚಿಕೆ ನನಗ್ಯಾಕೆ?” ಅಂದೆ. ಅವರು ಪೇಪರು ಅಡ್ಡ ಹಿಡಿದುಕೊಂಡರು.

ಆದರೆ ಎಂಥ ಆಟ? ದಾರಿ ತೋರಿಸಿದ್ದು ಮಾವನವರು. ಇಪ್ಪತ್ತೆರಡು ವರ್ಷ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ, ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು, ಚಿನ್ನದ ಗಣಿಯೊಳಗೆ ಕೆಲಸ ಮಾಡಿದವರು ಅವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಅವರ ಮಾತೂ ಅರ್ಧಕ್ಕೆ ಇಳಿಯಿತು ಅಂತ ಅತ್ತೆಯವರು ಹೇಳುತ್ತಿದ್ದರು. ನಾನು ಈ ಮನೆಗೆ ಬಂದಾಗಿನಿಂದ ಅವರು ಗಣಿಯ ವಿಷಯ ಎತ್ತಿದ್ದನ್ನು ಕೇಳಿದವಳಲ್ಲ.

ಒಂದು ದಿನ ಮಗ ಮತ್ತೆ ಅದೇ ಪ್ರಶ್ನೆ ತೆಗೆದ: ಮೂರರಲ್ಲಿ ಐದು ಹೇಗೆ ಹೋಗುತ್ತದೆ, ಸೊನ್ನೆಗೆ ಮುಗಿಯಿತಲ್ಲ? ಜಗುಲಿಯ ಮೇಲಿದ್ದ ಮಾವನವರು ತಲೆಯೆತ್ತಿದರು. “ಸೊನ್ನೆ ಅಂದ್ರೆ ಮುಗೀತು ಅಂತ ಯಾರಪ್ಪ ಹೇಳಿದ್ದು? ಸೊನ್ನೆ ಅಂದ್ರೆ ನೆಲ. ನಮ್ಮ ಕೆಲಸ ಶುರು ಆಗ್ತಿದ್ದದ್ದೇ ಅಲ್ಲಿಂದ ಕೆಳಗೆ!” ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆದರು. ಇದು ಶಾಫ್ಟು, ಇದು ಕೇಜು, ಮೇಲೆ ಕಬ್ಬಿಣದ ಗೋಪುರ, ಅದರಲ್ಲಿ ತಿರುಗುವ ದೊಡ್ಡ ಗಾಲಿ. ಕೆಳಗೆ ಒಂದೊಂದೇ ಲೆವೆಲ್ಲು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಕೆಳಗೆ ಹೋದಂತೆಲ್ಲ ಬಂಡೆಯೇ ಬಿಸಿ. ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದ. ನಾನು ಹಿಟ್ಟಿನ ಕೈಯಲ್ಲೇ ನಿಂತು ಕೇಳಿದೆ. ನನ್ನ ಆಟ ಕಣ್ಣೆದುರಿಗೇ ಇತ್ತು!

ಮೊದಲ ಸಲ ಮಾಡಿದ್ದು ಹೀಗೆ: ಕಪ್ಪು ದಾಳ ಬಿದ್ದಷ್ಟು ಕೆಳಗೆ, ಕೆಂಪು ದಾಳ ಬಿದ್ದಷ್ಟು ಮೇಲೆ. ಅರ್ಧ ಗಂಟೆಗೆ ಮಕ್ಕಳು ಆಕಳಿಸಿದರು. ದಾಳ ಹೇಳಿದಂತೆ ಹೋಗಿ ಬರುವುದಾದರೆ ಅವರೇಕೆ ಬೇಕು? ಪಕ್ಕದ ಬೀದಿಯ ಟೀಚರಮ್ಮ ನಲಿ-ಕಲಿ ತರಗತಿ ನಡೆಸುವವರು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅದಕ್ಕೆ ಮಾದರಿ ಸಿಕ್ಕಿದ್ದು ನಮ್ಮ ಕೋಲಾರ ಸೀಮೆಯ ಆಚೆಗೇ ಇರುವ ಮದನಪಲ್ಲಿ ಬಳಿಯ ರಿಷಿವ್ಯಾಲಿಯಲ್ಲಿ. ಪಾಠಗಳನ್ನು ಕಾರ್ಡುಗಳಾಗಿ ಒಡೆದು, ಮಗು ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುವ ಹಾಗೆ ಮಾಡಿದ್ದಾರೆ. ಅವರು ನನಗೆ ಒಂದೇ ಮಾತು ಹೇಳಿದರು: “ಮಕ್ಕಳು ಆಡುವಾಗ ನೀವು ಬಾಯಿಗೆ ಬೀಗ ಹಾಕಿಕೊಂಡು ಕೂತ್ಕೊಳ್ಳಿ. ಎಲ್ಲಿ ಅವರ ಕಣ್ಣು ಆಟ ಬಿಟ್ಟು ಬೇರೆ ಕಡೆ ಹೋಗುತ್ತೋ ಅಲ್ಲಿ ನಿಮ್ಮ ಆಟದಲ್ಲಿ ತೂತಿದೆ.” ಹಾಗೇ ಕೂತು ನೋಡಿದೆ. ತೂತು ಕಂಡಿತು. ಯಾವ ದಾಳ ಮೇಲಕ್ಕೆ, ಯಾವುದು ಕೆಳಕ್ಕೆ ಅನ್ನುವುದನ್ನು ಆಡುವವರಿಗೇ ಬಿಟ್ಟೆ. ಅಷ್ಟೇ ಬದಲಾವಣೆ. ಮಾರನೇ ದಿನ ಊಟಕ್ಕೆ ಮೂರು ಸಲ ಕರೆಯಬೇಕಾಯಿತು!

ಇನ್ನೊಂದು ತಪ್ಪನ್ನು ತಿದ್ದಿದವರು ಮಾವನವರು. ಆಟ ರೋಚಕವಾಗಲಿ ಅಂತ ನಾನು ಒಂದು ಮನೆಯಲ್ಲಿ ‘ಬಂಡೆ ಸಿಡಿಯಿತು, ನೀವು ಆಟದಿಂದ ಹೊರಗೆ’ ಅಂತ ಬರೆದಿದ್ದೆ. ಅವರು ಹಲಗೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಅದು ಆಟಕ್ಕಲ್ಲಮ್ಮ” ಅಂದರು. ಅಷ್ಟೇ. ಕೆಳಗೆ ಬಂಡೆ ಸಿಡಿದು ಮೇಲೆ ಬಾರದೇ ಹೋದವರು ಅವರ ಜೊತೆಯವರೂ ಇದ್ದರು ಅಂತ ಆಮೇಲೆ ಅತ್ತೆಯವರು ಹೇಳಿದರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಆ ಮನೆಯ ಮೇಲೆ ಕಾಗದ ಅಂಟಿಸಿ, ‘ಕೇಜಿಗೆ ಕಾಯಿರಿ, ಒಂದು ಸರದಿ ಬಿಡಿ’ ಅಂತ ಬರೆದೆ. ಆಟಕ್ಕೂ ಅದರಿಂದ ಒಳ್ಳೆಯದೇ ಆಯಿತು. ಆಟದಿಂದ ಹೊರಬಿದ್ದ ಮಗು ಗೋಡೆಗೆ ಒರಗಿ ಕೂತು ಏನು ಕಲಿತೀತು ಹೇಳಿ? ಸೋಲುವವರೂ ಕೊನೆಯವರೆಗೆ ಆಡುತ್ತಿರಬೇಕು.

ನಿಮಗೂ ಮಾಡಬೇಕೆನ್ನಿಸಿದರೆ ವಿಧಾನ ಹೇಳುತ್ತೇನೆ, ಬರೆದುಕೊಳ್ಳಿ.

ಬೇಕಾಗುವ ಸಾಮಾನು: ಹಳೇ ಕ್ಯಾಲೆಂಡರಿನ ರಟ್ಟು ಒಂದು, ದಾಳ ಎರಡು, ಒಬ್ಬೊಬ್ಬರಿಗೆ ಒಂದೊಂದು ಗುಂಡಿ, ಕಡಲೆಬೇಳೆ ಹದಿನೈದು. (ಹುರಿಗಡಲೆ ಬೇಡ. ನಾನು ಇಟ್ಟು ನೋಡಿದ್ದೇನೆ, ಆಟ ಮುಗಿಯುವ ಮೊದಲೇ ಚಿನ್ನ ಖಾಲಿ!)

ಮಾಡುವ ವಿಧಾನ: ರಟ್ಟಿನ ಮೇಲೆ ಏಣಿಯ ಹಾಗೆ ಮೇಲಿಂದ ಕೆಳಕ್ಕೆ 22 ಮನೆ ಬರೆಯಿರಿ. ಮೇಲಿನಿಂದ ಏಳನೆಯ ಮನೆ ಸೊನ್ನೆ, ಅದೇ ನೆಲ. ಅದರ ಮೇಲಿನ ಆರು ಮನೆ ಗೋಪುರ, 1ರಿಂದ 6. ಕೆಳಗಿನ ಹದಿನೈದು ಮನೆ ಗಣಿ, −1ರಿಂದ −15. ಚಿನ್ನ ಇಡುವುದು ಹೀಗೆ: −3ರಲ್ಲಿ ಒಂದು ಬೇಳೆ, −7ರಲ್ಲಿ ಎರಡು, −10ರಲ್ಲಿ ಮೂರು, −13ರಲ್ಲಿ ನಾಲ್ಕು, −15ರಲ್ಲಿ ಐದು. −5ರಲ್ಲಿ ‘ಕೇಜಿಗೆ ಕಾಯಿರಿ’ ಅಂತ ಬರೆಯಿರಿ.

ಆಡುವ ವಿಧಾನ: ಎಲ್ಲರೂ ಸೊನ್ನೆಯಲ್ಲಿ ಶುರು. ಎರಡೂ ದಾಳ ಒಟ್ಟಿಗೆ ಹಾಕಬೇಕು. ಒಂದೊಂದು ದಾಳವನ್ನೂ ಮೇಲಕ್ಕೋ ಕೆಳಕ್ಕೋ ನಿಮ್ಮಿಷ್ಟದಂತೆ ಎಣಿಸಬಹುದು. 6 ಮತ್ತು 3 ಬಿದ್ದರೆ ಸೊನ್ನೆಯಿಂದ −9ಕ್ಕೆ ಇಳಿಯಬಹುದು, ಆರು ಕೆಳಗೆ ಮೂರು ಮೇಲೆ ಅಂತ −3ರಲ್ಲಿ ನಿಲ್ಲಬಹುದು, ಬೇಕಿದ್ದರೆ ಗೋಪುರದ 3ಕ್ಕೂ ಹತ್ತಬಹುದು. ಹಲಗೆಯ ಆಚೆ ಹೋಗುವ ನಡೆ ಮಾತ್ರ ನಡೆಯದು. ಚಿನ್ನವಿರುವ ಮನೆಗೆ ಸರಿಯಾಗಿ ಬಂದು ನಿಂತರೆ ಅಲ್ಲಿರುವುದೆಲ್ಲ ನಿಮ್ಮದು. ಆದರೆ ಒಂದು ಸಲಕ್ಕೆ ಒಂದು ಮನೆಯ ಚಿನ್ನ ಮಾತ್ರ ಹೊರಬಹುದು. ಅದನ್ನು ಸೊನ್ನೆಗೆ ತಂದು ಇಳಿಸಿದರೇ ಲೆಕ್ಕ. ದಾರಿಯಲ್ಲಿ ನಿಮ್ಮ ಮನೆಗೇ ಬೇರೊಬ್ಬರು ಬಂದು ನಿಂತರೆ ಕೈಯಲ್ಲಿರುವ ಚಿನ್ನ ಅವರ ಪಾಲು! ತಪ್ಪು ಎಣಿಸಿ ನಡೆಸಿದ್ದನ್ನು ಎದುರಾಳಿ ಹಿಡಿದರೆ ಆ ಸರದಿ ಹೋಯಿತು. ಎಲ್ಲ ಬೇಳೆ ಮೇಲೆ ಬಂದಾಗ ಯಾರ ಬಳಿ ಹೆಚ್ಚಿದೆಯೋ ಅವರು ಗೆದ್ದರು.

ಈ ಕೊನೆಯ ನಿಯಮದಿಂದ ನನಗೆ ಬಿಡುಗಡೆಯಾಯಿತು ನೋಡಿ. ಮೊದಲೆಲ್ಲ ಸರಿ ತಪ್ಪು ಹೇಳುವ ನ್ಯಾಯಾಧೀಶೆ ನಾನೇ ಆಗಿದ್ದೆ. ಈಗ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಹದ್ದಿನ ಕಣ್ಣಿಟ್ಟು ಕಾಯುತ್ತಾರೆ. ತಮ್ಮದೊಂದು, ಎದುರಾಳಿಯದೊಂದು, ಹೀಗೆ ಎರಡೆರಡು ಲೆಕ್ಕ ಮಾಡುತ್ತಾರೆ. ಮಾಡಿ ಅಂತ ಯಾರೂ ಹೇಳುವುದಿಲ್ಲ. ಇನ್ನು ದಾಳ ಯಾಕೆ ಬೇಕು ಅಂತ ಕೇಳಬಹುದು. ಬರೀ ಬುದ್ಧಿಯ ಮೇಲೆ ನಡೆದರೆ ದಿನವೂ ತಾತನೇ ಗೆಲ್ಲುತ್ತಾರೆ, ಮೂರನೇ ತರಗತಿಯ ಹುಡುಗಿ ಯಾಕೆ ಆಡುತ್ತಾಳೆ? ಬರೀ ಅದೃಷ್ಟದ ಮೇಲೆ ನಡೆದರೆ ಯೋಚಿಸುವವರು ಯಾರು? ಹುಳಿ ಖಾರ ಎರಡೂ ಹದವಾಗಿದ್ದರೇ ಸಾರು.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮಗ −4ರಲ್ಲಿ ನಿಂತಿದ್ದ, ಕೈಯಲ್ಲಿ ನಾಲ್ಕು ಬೇಳೆ. ತಾತ ಹಿಂದೆಯೇ −6ರಲ್ಲಿ ಹೊಂಚು ಹಾಕಿದ್ದರು. ದಾಳ ಹಾಕಿದ, 5 ಮತ್ತು 1. ಒಂದು ಗಳಿಗೆ ನೋಡಿದವನೇ “ಐದು ಮೇಲೆ, ಒಂದು ಕೆಳಗೆ, ನೆಲ!” ಅಂತ ಕೂಗಿ ಬೇಳೆಯನ್ನು ಸೊನ್ನೆಯ ಮೇಲೆ ಸುರಿದ. ಸೊನ್ನೆಯ ಕೆಳಗೆ ಏನೂ ಇಲ್ಲ ಅಂತ ಅಳುತ್ತಿದ್ದ ಹುಡುಗ ಅಲ್ಲಿಂದ ಚಿನ್ನ ಹೊತ್ತು ತಂದಿದ್ದ.

ಆಮೇಲೆ ಅವನು ತರಗತಿಗೆ ಮೊದಲಿಗನಾದ ಅಂತ ನಾನು ಬರೆದರೆ ನೀವು ನಂಬಬೇಡಿ. ಮುಂದಿನ ಕಿರುಪರೀಕ್ಷೆಯಲ್ಲಿ 25ಕ್ಕೆ 17 ಬಂತು. ಋಣ ಸಂಖ್ಯೆಯಿಂದ ಋಣ ಸಂಖ್ಯೆಯನ್ನೇ ಕಳೆಯುವ ಲೆಕ್ಕಗಳು ನಮ್ಮ ಆಟದಲ್ಲಿ ಇಲ್ಲ, ಅವೇ ತಪ್ಪಿದ್ದು. ಅವನ್ನು ಮೇಷ್ಟ್ರೇ ಕಲಿಸಬೇಕು. ಆಟ ಶಾಲೆಯ ಬದಲಿಗಲ್ಲ. ಆದರೆ ಉತ್ತರಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಪುಟ್ಟದೊಂದು ಶಾಫ್ಟು ಬರೆದುಕೊಂಡಿದ್ದ. ಗಣಿತದ ದಿನದ ಹೊಟ್ಟೆನೋವು ನಿಂತಿದೆ. ಈಗ ಸಮಾಜ ವಿಜ್ಞಾನದ ದಿನ ಬರುತ್ತದೆ, ಅದಕ್ಕೇನು ಮಾಡಬೇಕೋ ಇನ್ನೂ ಹೊಳೆದಿಲ್ಲ!

ನಿಮ್ಮೂರಲ್ಲಿ ಗಣಿ ಇರಲಿಕ್ಕಿಲ್ಲ. ಮೆಟ್ಟಿಲು ಬಾವಿ ಇರಬಹುದು, ಸಂತೆ ಇರಬಹುದು, ಬಸ್ ನಿಲ್ದಾಣ ಇರಬಹುದು. ಮನೆಯಲ್ಲಿ ಆ ಕೆಲಸ ಬಲ್ಲ ಹಿರಿಯರೂ ಇರಬಹುದು. ಅವರನ್ನು ಕೇಳಿ ಮಾಡಿ. ಮಾಡಿದ ಮೇಲೆ ಮೂರು ದಿನ ಕಾಯಿರಿ. ಮೂರನೆಯ ದಿನವೂ ನೀವು ಕರೆಯದೆ, ಪಾನಿಪುರಿ ಕೊಡಿಸದೆ, ಮಕ್ಕಳೇ ಹಲಗೆ ಹುಡುಕಿಕೊಂಡು ಬಂದರೆ ಅದು ಆಟ. ದಾಳ ರಾಗಿ ಡಬ್ಬದಲ್ಲಿ ಸಿಕ್ಕಿದರೆ ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ರಟ್ಟು ಕತ್ತರಿಸಿ. ಚೌಕಾಬಾರದಲ್ಲೂ ಅಷ್ಟೇ ಅಲ್ಲವೇ? ಕಾಯಿ ಹಣ್ಣಾಗಬೇಕಾದರೆ ಮನೆಗಳನ್ನೆಲ್ಲ ಸುತ್ತಿಯೇ ಬರಬೇಕು.

ನಮ್ಮ ಮನೆಯಲ್ಲಿ ಈಗ ಹಲಗೆ ಬಿಚ್ಚುವುದು ಮಕ್ಕಳಲ್ಲ, ಮಾವನವರು. ದೀಪ ಹಚ್ಚುವ ಹೊತ್ತಿಗೆ ಜಗುಲಿಯಿಂದ ಕೂಗುತ್ತಾರೆ: “ಬನ್ರಪ್ಪಾ, ಕೇಜು ಹೊರಡೋ ಹೊತ್ತಾಯ್ತು.”